ಮಾದರಿ ಚೀಲದ ಮೂಲೆ

"ಅಮ್ಮಾ, ಅದನ್ನ ಮುಟ್ಟೋ ಹಾಗಿಲ್ಲ," ಎಂದ ಪಡಿತರ ಡಿಪೋದ ಇನ್ಸ್‌ಪೆಕ್ಟರ್ ಶಿವಪ್ರಕಾಶ್.

ಅವನು ಹೇಳುವಷ್ಟರಲ್ಲಿ ಕೃಷ್ಣಮ್ಮ ಮುಟ್ಟಿ ಆಗಿತ್ತು. ಮುಟ್ಟುವುದೇನು ಬಂತು, ಎತ್ತಿ ತೊಡೆಯ ಮೇಲೆ ಮಲಗಿಸಿಕೊಂಡು, ಎಣ್ಣೆ ಹಚ್ಚುವ ಮೊದಲು ಕೂಸನ್ನು ನೋಡುವಂತೆ ಅತ್ತ ಇತ್ತ ಹೊರಳಿಸಿ ನೋಡುತ್ತಿದ್ದರು. ಬಿಳಿ ಬಟ್ಟೆಯ ಪುಟ್ಟ ಚೀಲ. ಬಾಯಿಗೆ ಬಿಗಿದ ದಾರದ ಗಂಟಿನ ಮೇಲೆ ಕೆಂಪು ಅರಗು, ಅರಗಿನ ಮೇಲೆ ಡಿಪೋದ ಮುದ್ರೆ. ಹೊಟ್ಟೆಯ ಮೇಲೆ ಅಂಗೈಯಗಲದ ಪ್ಲಾಸ್ಟಿಕ್ ಕಿಟಕಿ. ಅದರೊಳಗಿಂದ ತೊಗರಿಬೇಳೆ ಮಿರಮಿರ ಮಿಂಚುತ್ತಿತ್ತು.

"ಅತ್ತೆ, ಕೆಳಗಿಡಿ," ಎಂದಳು ಪದ್ಮಶ್ರೀ.

"ಇಡ್ತೀನಿ ಕಣಮ್ಮಿ. ನಾನೇನು ಹಸೀ ಬೇಳೆ ತಿಂದ್ಬುಡ್ತೀನಾ?"

ಪದ್ಮಶ್ರೀ ಹಿಂದೆ ಸೈನ್ಯದ ಸರಬರಾಜು ವಿಭಾಗದಲ್ಲಿ ಕ್ಯಾಪ್ಟನ್ ಆಗಿದ್ದವಳು. ಈಗ ಜಕ್ಕೂರಿನಲ್ಲಿ ಮಾವನವರು ಕಟ್ಟಿಸಿದ ಕಾಂಪ್ಲೆಕ್ಸಿನ ಮೊದಲ ಮಹಡಿಯಲ್ಲಿ ಪತ್ತೇದಾರಿ ಕಚೇರಿ ಇಟ್ಟವಳು. ಗಡಿಯಲ್ಲಿ ಹಿಮ ಬೀಳುವಾಗ ಲಾರಿಗಳ ಸಾಲನ್ನೇ ಹಿಡಿತದಲ್ಲಿಟ್ಟಿದ್ದಳು, ನಿಜ. ಆದರೆ ಅತ್ತೆಯನ್ನು ಹಿಡಿತದಲ್ಲಿಡುವ ವಿದ್ಯೆಯನ್ನು ಯಾವ ತರಬೇತಿಯಲ್ಲೂ ಕಲಿಸಿರಲಿಲ್ಲ. "ನಾನೂ ಬತ್ತೀನಿ" ಎಂದು ಸೆರಗು ಸಿಕ್ಕಿಸಿ ಕೃಷ್ಣಮ್ಮ ಜೀಪು ಹತ್ತಿದರೆ ಮುಗಿಯಿತು. ಅವರು ಹತ್ತದ ದಿನ ಪದ್ಮಶ್ರೀಗೆ ಬಲಗೈ ಮನೆಯಲ್ಲೇ ಬಿಟ್ಟುಬಂದಂತಾಗುತ್ತಿತ್ತು. ಈ ಮಾತನ್ನು ಅವಳು ಅತ್ತೆಗೆ ಹೇಳಿರಲಿಲ್ಲ, ಹೇಳಿದರೆ ತಲೆಯ ಮೇಲೆ ಕೂರುತ್ತಾರೆಂಬ ಭಯ.

ಪ್ರಕರಣ ಇಷ್ಟೇ: ಕಲಬುರಗಿಯಿಂದ ಬಂದು ಯಶವಂತಪುರದಲ್ಲಿ ನೆಲೆಸಿದ ಬೇಳೆ ಗುತ್ತಿಗೆದಾರ ಶಿವಶರಣಪ್ಪನವರ ಲಾರಿಯನ್ನು ಸೈನ್ಯದ ಈ ಪಡಿತರ ಡಿಪೋ ತಿರಸ್ಕರಿಸಿತ್ತು, ನಾಳೆ ಬೆಳಿಗ್ಗೆ ಮಂಡಳಿ ಕೂತು ಅವರ ಹೆಸರನ್ನು ಕಪ್ಪುಪಟ್ಟಿಗೆ ಸೇರಿಸುವುದಿತ್ತು.

ತಿರಸ್ಕರಿಸಿದ್ದು ಈ ಪುಟ್ಟ ಚೀಲವನ್ನು ನಂಬಿ. ಗುತ್ತಿಗೆ ಕೊಡುವ ದಿನ ಎಲ್ಲರೆದುರು ಎರಡು ಚೀಲಕ್ಕೆ ಒಂದೇ ಬೇಳೆ ತುಂಬಿ, ಬಾಯಿ ಕಟ್ಟಿ, ಅರಗು ಹಾಕಿ ಮುದ್ರೆ ಒತ್ತುತ್ತಾರೆ. ಒಂದು ಚೀಲ ಡಿಪೋದ ಬೀರುವಿನಲ್ಲಿ ಉಳಿಯುತ್ತದೆ. ಅದರ ಜೋಡಿ ಗುತ್ತಿಗೆದಾರನ ಮನೆಗೆ ಹೋಗುತ್ತದೆ. ಆಮೇಲೆ ಬರುವ ಪ್ರತಿ ಲಾರಿಯ ಬೇಳೆಯೂ ಡಿಪೋದ ಚೀಲಕ್ಕೆ ಹೊಂದಬೇಕು. ತಕರಾರು ಬಂದರೆ ಜೋಡಿ ಚೀಲವನ್ನು ತರಿಸಿ ನೋಡುತ್ತಾರೆ. ಜಗತ್ತಿನಲ್ಲಿ ಸೈನ್ಯಗಳು ಹುಟ್ಟಿದಂದಿನಿಂದ ಗುತ್ತಿಗೆದಾರರಿಗೂ ಉಗ್ರಾಣದವರಿಗೂ ಜಗಳ ಇದ್ದೇ ಇದೆ. ಆ ಜಗಳಕ್ಕೆ ಮನುಷ್ಯ ಕಂಡುಕೊಂಡ ಮದ್ದು ಇದು.

"ಸರ್, ಶರಣಪ್ಪನವರು ಕೊಟ್ಟಿದ್ದು ಪಾಲಿಶ್ ಇಲ್ಲದ ಬೇಳೆ. ಲಾರಿಯಲ್ಲಿರೋದೂ ಅದೇ. ಈ ಚೀಲದಲ್ಲಿರೋದು ಎಣ್ಣೆ ಸವರಿ ಹೊಳಪು ಕೊಟ್ಟಿದ್ದು," ಎಂದಳು ಪದ್ಮಶ್ರೀ.

"ನನಗೂ ಕಾಣತ್ತೆ ಮೇಡಂ. ಆದ್ರೆ ಮುದ್ರೆ ನೋಡಿ. ಕೂದಲೆಳೆಯಷ್ಟೂ ಬಿರುಕಿಲ್ಲ. ಮುದ್ರೆ ಒಡೀದೆ ಬೇಳೆ ಹೇಗೆ ಬದಲಾಗತ್ತೆ?"

"ಬೀರು ಕೀಲಿ?"

"ನನ್ನ ಸೊಂಟದಲ್ಲೇ ಇರತ್ತೆ."

"ಉಣ್ಣೋವಾಗ್ಲೂ?" ಎಂದರು ಕೃಷ್ಣಮ್ಮ, ತಲೆಯೆತ್ತದೆ.

ಶಿವಪ್ರಕಾಶ್ ಸೊಂಟದ ಕೀಲಿ ಮುಟ್ಟಿ ನೋಡಿಕೊಂಡ. ಒಳ್ಳೆಯ ಮನುಷ್ಯ, ಸುಳ್ಳು ಹೇಳಿ ಅಭ್ಯಾಸವಿಲ್ಲ. "ಕೂತಾಗ ಚುಚ್ಚತ್ತೆ ಅಮ್ಮಾ. ಊಟದ ಹೊತ್ತಲ್ಲಿ ಮೇಜಿನ ಮೇಲೆ ಇಡ್ತೀನಿ. ಎಲ್ಲರೂ ಒಟ್ಟಿಗೇ ಊಟ ಮಾಡ್ತೀವಲ್ಲ."

ಕೃಷ್ಣಮ್ಮನ ಹೆಬ್ಬೆರಳು ಚೀಲದ ತಳದ ಒಂದು ಮೂಲೆಯಲ್ಲಿ ನಿಂತಿತ್ತು. ಅಲ್ಲೇ ತಿರುಗಿತು, ಒತ್ತಿತು, ಮತ್ತೆ ತಿರುಗಿತು.

"ಪದ್ಮಾ, ಇಲ್ಲಿ ಏನೋ ಐತೆ ನೋಡು."

"ಬೇಳೆ ಇರತ್ತೆ ಅತ್ತೆ."

"ಬೇಳೆ ಗುರ್ತಾಗಲ್ವಾ ನಂಗೆ? ಹೊಲಿಗೆ ಮಡಿಕೆ ಒಳಗೈತೆ. ಸಣ್ಣ ಕಾಳು, ನಾಲ್ಕೈದು. ರಾಗಿ ಕಣಮ್ಮಿ."

"ತೊಗರಿ ಚೀಲದಲ್ಲಿ ರಾಗಿ ಯಾಕಮ್ಮಾ ಇರತ್ತೆ?" ಎಂದು ಶಿವಪ್ರಕಾಶ್ ನಕ್ಕ.

ಪದ್ಮಶ್ರೀ ನಗಲಿಲ್ಲ. ಬಗ್ಗಿ ಆ ಮೂಲೆಯನ್ನು ಕಣ್ಣಿನ ಹತ್ತಿರ ಹಿಡಿದಳು. ಇಂಥ ಚೀಲಗಳನ್ನು ಅವಳು ನೌಕರಿಯಲ್ಲಿ ರಾಶಿ ರಾಶಿ ನೋಡಿದ್ದಳು. ಡಿಪೋದ ದರ್ಜಿ ಮೆಷಿನ್ನಿನಲ್ಲಿ ಒಂದೇ ಓಟದಲ್ಲಿ ಹೊಲಿದಿರುತ್ತಾನೆ. ಇಲ್ಲಿ ಪಕ್ಕದ ಹೊಲಿಗೆ ಮೆಷಿನ್ನಿನದು. ತಳದ್ದು ಹಾಗಿರಲಿಲ್ಲ. ಒಪ್ಪವಾಗಿಯೇ ಇತ್ತು, ಅದೇ ಬಿಳಿ ದಾರ, ಆದರೆ ಒಂದು ಹೊಲಿಗೆ ಇನ್ನೊಂದಕ್ಕಿಂತ ಎಳ್ಳಷ್ಟು ಹೆಚ್ಚುಕಮ್ಮಿ.

"ಸರ್, ಇದು ಕೈಹೊಲಿಗೆ. ತಳ ಬಿಚ್ಚಿ ಬೇಳೆ ತೆಗೆದು, ಬೇರೆ ತುಂಬಿ, ಮತ್ತೆ ಹೊಲಿದಿದ್ದಾರೆ."

ಶಿವಪ್ರಕಾಶ್ ಬಂದು ನೋಡಿದ. ಮುಖದ ಬಣ್ಣ ಇಳಿದುಹೋಯಿತು. ಎಲ್ಲರೂ ಬಾಯಿ ಕಾದರು, ತಳವನ್ನು ಯಾರೂ ನೋಡಲಿಲ್ಲ. ಹಿತ್ತಿಲ ಬಾಗಿಲು ತೆರೆದಿಟ್ಟು ಮುಂಬಾಗಿಲಿಗೆ ಚಿಲಕ ಹಾಕಿದಂತಾಯಿತು. ಕೀಲಿ ಅವನ ಸೊಂಟದ್ದಾದ್ದರಿಂದ ಮೊದಲ ಅನುಮಾನ ಯಾರ ಮೇಲೆ ಬೀಳುತ್ತದೆಂದು ಅವನಿಗೆ ಹೇಳಿಕೊಡಬೇಕಿರಲಿಲ್ಲ.

"ಮೇಡಂ, ನಾನಲ್ಲ."

"ನೀವು ಅಂತ ನಾನು ಹೇಳಿಲ್ಲ."

"ಇದೊಂದೇ ಸಾಲದು," ಎಂದ ಅವನು. "ಬೋರ್ಡ್ ಕೇಳೋದು ಜೋಡಿ ಚೀಲ ಏನು ಹೇಳತ್ತೆ ಅಂತ. ಅದರಲ್ಲಿ ಪಾಲಿಶ್ ಇಲ್ಲದ ಬೇಳೆ ಇದ್ರೆ ಶರಣಪ್ಪನವರು ಗೆದ್ರು. ಅದರಲ್ಲೂ ಹೊಳಪಿನ ಬೇಳೆ ಇದ್ರೆ ಅವರನ್ನ ದೇವರೂ ಕಾಯಲ್ಲ. ಹೋದ ತಿಂಗಳು ಸುತ್ತೋಲೆ ಬಂದಿತ್ತು, ವರ್ಷಕ್ಕೊಂದ್ಸಲ ಎರಡೂ ಚೀಲ ಪಕ್ಕಪಕ್ಕ ಇಟ್ಟು ತಾಳೆ ನೋಡ್ಬೇಕು ಅಂತ. ನಾನು ಕರೆಸೋದ್ರೊಳಗೆ ಈ ಲಾರಿ ಗಲಾಟೆ ಶುರುವಾಯ್ತು."

"ಸುತ್ತೋಲೆ ಯಾರ್ಯಾರು ನೋಡಿದ್ರು?"

"ಆಫೀಸಿನವರೆಲ್ಲ. ನೋಟಿಸ್ ಬೋರ್ಡಿಗೇ ಹಾಕಿದೀವಿ."

ಬಾಗಿಲ ಹತ್ತಿರ ಬಳೆ ಸದ್ದಾಯಿತು. ಸ್ಮಿತಾ ಟೀ ತಂದಿದ್ದಳು. ತಟ್ಟೆಯನ್ನು ಹೊಸ್ತಿಲಿನಾಚೆಯ ಸ್ಟೂಲಿನ ಮೇಲಿಟ್ಟು ಅಲ್ಲೇ ನಿಂತಳು.

"ಒಳಕ್ಕೆ ಬಾ ಮಗ," ಎಂದರು ಕೃಷ್ಣಮ್ಮ.

"ಇಲ್ಲ ಅತ್ತೆ. ನಾನು ಈ ರೂಮಿಗೆ ಬರೋ ಹಾಗಿಲ್ಲ. ಅಪ್ಪನ ಚೀಲ ಇರೋ ರೂಮಲ್ವಾ."

ಸ್ಮಿತಾ ಶಿವಶರಣಪ್ಪನವರ ಒಬ್ಬಳೇ ಮಗಳು, ಇದೇ ಡಿಪೋದ ಕಚೇರಿಯಲ್ಲಿ ಗುಮಾಸ್ತೆ. ರಾಜಾನುಕುಂಟೆಯ ಯಶವಂತನನ್ನು ಮದುವೆಯಾಗಿದ್ದಳು. ಯಶವಂತ್ ಕೃಷ್ಣಮ್ಮನ ತಮ್ಮನ ಮಗ. ಹೀಗಾಗಿ ಈ ಪ್ರಕರಣ ಕೃಷ್ಣಮ್ಮನ ತವರುಮನೆಯ ಬೀಗರದು, ಕೇಸು ಒಪ್ಪಿಸಿ ಫೋನಿನಲ್ಲಿ ಅತ್ತವರು ಸ್ಮಿತಾಳ ತಾಯಿ ಚನ್ನಕ್ಕ. ಹುಡುಗಿಯೂ ಚಿನ್ನದಂಥವಳು. ಕೃಷ್ಣಮ್ಮನ ಲೋಟಕ್ಕೆ ಸಕ್ಕರೆ ಕಡಿಮೆ ಹಾಕಿಸಿ, ಗುರುತಿಗೆ ಅದರ ಮೇಲೊಂದು ತಟ್ಟೆ ಮುಚ್ಚಿ ತಂದಿದ್ದಳು.

"ಜೋಡಿ ಚೀಲ ಅಪ್ಪನ ಮನೇಲಿದೆ ಅಲ್ವಾ? ನಾನೇ ನಾಳೆ ಬೆಳಿಗ್ಗೆ ತಂದ್ಕೊಡ್ತೀನಿ ಅಕ್ಕಾ," ಎಂದಳು ಪದ್ಮಶ್ರೀಗೆ. "ನೀವ್ಯಾಕೆ ಅಷ್ಟು ದೂರ ಅಲೀತೀರ."

"ಸರಿ," ಎಂದಳು ಪದ್ಮಶ್ರೀ. ಟೀ ಚೆನ್ನಾಗಿತ್ತು.

ಡಿಪೋದ ಗೇಟಿನ ಹೊರಗೆ, ತಿರಸ್ಕೃತ ಲಾರಿಯ ನೆರಳಲ್ಲಿ ಶಿವಶರಣಪ್ಪ ಕೂತಿದ್ದರು. ಬಿಳಿ ಅಂಗಿ, ಬಿಳಿ ಧೋತರ, ಹಣೆಗೆ ವಿಭೂತಿ. ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡಿದ್ದರೂ ಲಾರಿ ಹತ್ತಿ ಮೂಟೆಗಳ ಮೇಲೆ ಕೈಯಾಡಿಸಿ ಇಳಿದಿದ್ದರು. ಅಂಗಿಗೆಲ್ಲ ಬೇಳೆಯ ಹುಡಿ.

"ಮನೆಗೆ ಹೋಗಿ ಮಲಗಿ ಶರಣಪ್ಪನವರೇ," ಎಂದಳು ಪದ್ಮಶ್ರೀ.

"ಹ್ಯಾಂಗ ಹೋಗ್ಲಿ ತಾಯಿ? ಮಾಲು ಬೀದ್ಯಾಗ ನಿಂತದ. ಇದನ್ನ ಬಿಟ್ಟು ಹೋದ್ರ ನಾನೇ ತಪ್ಪು ಒಪ್ಪಿಕೊಂಡಂಗ. ನಾಗಸಂದ್ರದ ನಾಗಲಿಂಗಪ್ಪ ಬಾಯಿ ತೆರಕೊಂಡು ಕುಂತಾನ, ನಾ ಹೋದ್ರ ಅವಂಗೇ ಗುತ್ತಿಗಿ. ಹೋಗ್ಲಿ, ಗುತ್ತಿಗಿ ಹೋದ್ರ ಹೋಗ್ಲಿ. ಜವಾನರ ತಾಟಿಗೆ ಖೊಟ್ಟಿ ಬ್ಯಾಳಿ ಹಾಕ್ದ ಅಂತ ಹೆಸರು ಬರ್ತದಲ್ಲ, ಅದು ನುಂಗೂದು ಆಗಂಗಿಲ್ಲ ನೋಡು."

ಸ್ವರ ಎತ್ತಲಿಲ್ಲ. ಆಮೇಲೆ ಒಮ್ಮೆಲೇ ಮುಖ ಅರಳಿಸಿ, "ಆದ್ರ ನಂಗ ಅಂಜಿಕಿ ಇಲ್ಲ. ಜೋಡಿ ಚೀಲ ನಮ್ಮ ದೇವರ ಜಗಲಿ ಮ್ಯಾಲ ಕಾವಿ ವಸ್ತ್ರ ಸುತ್ತಿ ಇಟ್ಟೀನಿ. ದಿನಾ ಕೈ ಮುಗೀತೀನಿ. ನಾಳಿ ಬಿಚ್ಚಿ ತೋರಿಸ್ತೀನಿ ಎಲ್ಲಾರಿಗೂ," ಎಂದರು.

ಸ್ಮಿತಾ ಅಪ್ಪನಿಗೆ ನೀರು ತಂದಳು. ಕಂಕುಳಲ್ಲಿ ದೊಡ್ಡ ಸ್ಟೀಲ್ ಡಬ್ಬಿ. ನೀರು ಕುಡಿಯುವವರೆಗೆ ಅಪ್ಪನ ಬೆನ್ನ ಮೇಲೆ ಕೈಯಿಟ್ಟುಕೊಂಡೇ ನಿಂತಿದ್ದಳು. ಪದ್ಮಶ್ರೀಯ ಕಡೆ ತಿರುಗಿ, ಅಪ್ಪನಿಗೆ ಕೇಳದಂತೆ, "ಈ ಗುತ್ತಿಗೆ ಹೋಗ್ಲಿ ಬಿಡಿ ಅಕ್ಕಾ. ಇವರು ಮನೇಲಿ ಬೆಚ್ಚಗೆ ಕೂತಿದ್ರೆ ಸಾಕು ನಂಗೆ," ಎಂದಳು. ಕಣ್ಣು ತುಂಬಿತ್ತು.

ಜೀಪು ದೊಡ್ಡಬಳ್ಳಾಪುರ ರಸ್ತೆಗೆ ಇಳಿದು ಯಲಹಂಕದ ಕಡೆ ತಿರುಗಿತು. ಪದ್ಮಶ್ರೀ ಜಕ್ಕೂರಿಗೆ ಹೋಗುವ ಯೋಚನೆಯಲ್ಲಿದ್ದಳು.

"ಹೊಟ್ಟೆ ಅಸೀತೈತೆ," ಎಂದರು ಕೃಷ್ಣಮ್ಮ.

"ಮನೆಗೆ ಹೋಗಿ ಊಟ ಮಾಡೋಣ ಅತ್ತೆ."

"ನಮ್ಮನೇಲಿ ಏನೈತೆ? ಅದೇ ನೀನು ಮಾಡಿದ ಸಾರು." ಸೊಸೆ ಕಣ್ಣು ಬಿಟ್ಟದ್ದನ್ನು ನೋಡಿ ಅವರ ಗಲ್ಲದ ಗುಳಿ ಆಳವಾಯಿತು. "ಚನ್ನಕ್ಕನ ಮನೆಗೆ ಓಗಾನ. ಆವತ್ತು ನನ್ನ ತಮ್ಮನ ಮನೆಯೋರ ಜೊತೆ ಓಗಿದ್ನಲ್ಲ, ಎಂಥಾ ಒಬ್ಬಟ್ಟು ಅಂತೀಯ. ಬಾಯಿಗಿಟ್ರೆ ಕರಗ್ತಿತ್ತು. ಅಂಥ ಬೇಳೆ ನಾನು ಹುಟ್ಟಿದಾರಭ್ಯ ತಿಂದಿಲ್ಲ."

"ಕೇಸು ವಿಚಾರಿಸೋಕೆ ಹೋಗಿ ಒಬ್ಬಟ್ಟು ಕೇಳ್ಬೇಡಿ ದಯವಿಟ್ಟು."

"ಕೇಳಲ್ಲ. ಅವ್ರೇ ಕೊಟ್ರೆ ಬ್ಯಾಡ ಅನ್ನಾಕಾಗಲ್ಲ."

ಗಂಗಮ್ಮನ ಗುಡಿ ಸರ್ಕಲ್ಲಿನಲ್ಲಿ ವಾಹನಗಳು ಒಂದಕ್ಕೊಂದು ಅಂಟಿಕೊಂಡು ನಿಂತಿದ್ದವು. ಪದ್ಮಶ್ರೀ ಸ್ಟೀರಿಂಗಿನ ಮೇಲೆ ಬೆರಳು ಬಡಿಯುತ್ತ ಯೋಚಿಸಿದಳು. ನಾಗಲಿಂಗಪ್ಪನಿಗೆ ಲಾಭವಿದೆ, ಆದರೆ ಅವನು ಡಿಪೋದೊಳಗೆ ಕಾಲಿಡುವಂತಿಲ್ಲ. ಶಿವಪ್ರಕಾಶನಲ್ಲಿ ಕೀಲಿಯಿದೆ, ಆದರೆ ಅವನಿಗೆ ಗುಂಡಿ ಹೊಲಿಯಲೂ ಬರದು. ಅಂಗಿಗೆ ಎರಡು ಕಡೆ ಸೇಫ್ಟಿ ಪಿನ್ ಚುಚ್ಚಿದ್ದನ್ನು ಅವಳೇ ನೋಡಿದ್ದಳು. ತಳ ಬಿಚ್ಚುವ ಉಪಾಯ ಗಂಡಸರಿಗೆ ಹೊಳೆಯಬಾರದೆಂದಲ್ಲ. ಆದರೆ ಮೂಲೆಯಲ್ಲಿ ರಾಗಿ ಯಾಕೆ?

ಯಶವಂತಪುರದ ಮಂಡಿಯ ಹಿಂದಿನ ಬೀದಿಯಲ್ಲಿ ಈರುಳ್ಳಿ ಲಾರಿ ಅಡ್ಡ ನಿಂತಿತ್ತು. ಜೀಪನ್ನು ಆಚೆ ಬೀದಿಯಲ್ಲೇ ಬಿಟ್ಟು ಇಬ್ಬರೂ ನಡೆದು ಬಂದರು.

ಬಾಗಿಲು ತೆಗೆದ ಚನ್ನಕ್ಕನ ಮುಖ ಅರಳಿತು, ಆಮೇಲೆ ಬಾಡಿತು. ತುಂಬು ಮೈಯ ಹೆಂಗಸು, ಇಳಕಲ್ ಸೀರೆ, ಹಣೆತುಂಬ ಕುಂಕುಮ. ಎರಡು ದಿನದಿಂದ ಸರಿಯಾಗಿ ಉಂಡಂತಿರಲಿಲ್ಲ. ಆದರೂ ಬಂದವರಿಗೆ ಬಡಿಸದೆ ಮಾತಾಡುವ ಜಾತಿಯಲ್ಲ ಅವರು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಹಿಂಡಿ, ಮೊಸರು. ಕೃಷ್ಣಮ್ಮ ಒಬ್ಬಟ್ಟಿನ ಸುದ್ದಿ ಎತ್ತಲಿಲ್ಲ. ಸೊಸೆಗೆ ಕೊಟ್ಟ ಮಾತು ಉಳಿಸಿಕೊಂಡೆನೆಂದು ಒಮ್ಮೆ ಅವಳತ್ತ ನೋಡಿದರು ಅಷ್ಟೇ.

ಊಟವಾಗಿ ಕೈ ತೊಳೆದ ಮೇಲೆ ಪದ್ಮಶ್ರೀ, "ಜೋಡಿ ಚೀಲ ಒಂದ್ಸಲ ನೋಡ್ಬೇಕಿತ್ತು ಚನ್ನಕ್ಕನವರೇ," ಎಂದಳು.

ಚನ್ನಕ್ಕನ ಕೈಯಲ್ಲಿದ್ದ ತಾಟು ಅಲ್ಲೇ ನಿಂತಿತು.

"ನಾಳಿಗೆ ಅವರೇ ತರ್ತಾರಲ್ಲ ತಾಯಿ."

"ಇವತ್ತೇ ನೋಡಿದ್ರೆ ಒಳ್ಳೇದು."

"ಅದನ್ನ ಮುಟ್ಟಬಾರ್ದು. ಅವರು ವಸ್ತ್ರ ಸುತ್ಯಾರ."

"ಕೇಸು ಒಪ್ಪಿಸಿದವರು ನೀವು. ನನ್ನಿಂದ ಮುಚ್ಚಿಟ್ಟರೆ ನಾನು ಕತ್ತಲಲ್ಲಿ ಗುದ್ದಾಡ್ಬೇಕಾಗತ್ತೆ."

ಚನ್ನಕ್ಕ ತಾಟು ಕೆಳಗಿಟ್ಟು ದಾರಿ ಬಿಟ್ಟರು. ಪದ್ಮಶ್ರೀ ದೇವರ ಜಗಲಿಯ ಮುಂದೆ ಮಂಡಿಯೂರಿ ಕೂತು, ಕೈ ಮುಗಿದು, ಕಾವಿ ವಸ್ತ್ರವನ್ನು ಬಿಡಿಸಿದಳು. ಅದೇ ಬಿಳಿ ಚೀಲ, ಅದೇ ಕೆಂಪು ಅರಗು, ಮುದ್ರೆ ಗಟ್ಟಿಯಾಗಿತ್ತು. ಅವಳು ಚೀಲವನ್ನು ತಿರುಗಿಸಿದಳು. ಪ್ಲಾಸ್ಟಿಕ್ ಕಿಟಕಿಯ ಹಿಂದೆ ಬೇಳೆ ಮಿರಮಿರ ಮಿಂಚಿತು.

ಪಾಲಿಶ್ ಬೇಳೆ.

ಗೇಟಿನ ಹತ್ತಿರ ಲಾರಿಯ ನೆರಳಲ್ಲಿ ಕೂತ ಆ ಮುದುಕ ನಾಳೆ ಇದನ್ನು ಎಲ್ಲರೆದುರು ಹೆಮ್ಮೆಯಿಂದ ಬಿಚ್ಚುವವನಿದ್ದ. ಎರಡು ಚೀಲಗಳೂ ಒಂದೇ ಮಾತು ಹೇಳುತ್ತವೆ, ಆ ಮಾತು ಅವನನ್ನು ಮುಳುಗಿಸುತ್ತದೆ. ಅವಳು ಚೀಲದ ತಳ ನೋಡಿದಳು. ಕೈಹೊಲಿಗೆ.

"ಚನ್ನಕ್ಕನವರೇ, ಇದನ್ನ ಬಿಚ್ಚಿದ್ದು ಯಾರು?"

ಚನ್ನಕ್ಕ ಗೋಡೆಗೊರಗಿ ಹಾಗೇ ಕೆಳಗೆ ಕೂತರು. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಸ್ವಲ್ಪ ಹೊತ್ತು ಅತ್ತರು. ಕೃಷ್ಣಮ್ಮ ಪಕ್ಕಕ್ಕೆ ಹೋಗಿ ಕೂತು ಬೆನ್ನು ಸವರಿದರು.

"ನಾನೇ," ಎಂದರು ಚನ್ನಕ್ಕ. "ನನ್ನ ಕೈಗೆ ಹುಳ ಬೀಳ್ಲಿ."

"ಬಿಡ್ತು ಅನ್ನಿ. ಏನಾಯ್ತು ಹೇಳಿ."

"ಆವತ್ತು ಬೀಗರು ಹೇಳದ ಕೇಳದ ಬಂದ್ರಲ್ಲ, ನೀವೂ ಬಂದಿದ್ರಿ ಅಕ್ಕಾರ. ನಮ್ಮ ಕಡಿ ಹೋಳಿಗಿ ಅಂದ್ರ ಕಡ್ಲಿಬ್ಯಾಳಿದು. ಈ ಕಡ್ಯಾವ್ರಿಗೆ ತೊಗರಿಬ್ಯಾಳಿ ಒಬ್ಬಟ್ಟೇ ಆಗಬೇಕು, ಅತ್ತಿಮನ್ಯಾಗ ನನ್ನ ಮಾನ ಉಳಿಸವ್ವ ಅಂತ ಸ್ಮಿತಾ ಅಂದ್ಳು. ಡಬ್ಬಿ ತೆಗದ್ರ ತೊಗರಿಬ್ಯಾಳಿ ಒಂದು ಹಿಡೀನೂ ಇಲ್ಲ. ಬ್ಯಾಳಿ ಸಾಹುಕಾರನ ಮನ್ಯಾಗ ಬ್ಯಾಳಿ ಇಲ್ಲ ಅಂದ್ರ ನಗಂಗಿಲ್ಲೇನ್ರಿ ಮಂದಿ? ಗೋದಾಮಿನ ಕೀಲಿ ಇವರ ಕಿಸೆದಾಗ, ಇವರು ಡಿಪೋದಾಗ. ಓಣಿ ಅಂಗಡಿ ಇನ್ನೂ ತೆರೆದಿಲ್ಲ. ಜಗಲಿ ಮ್ಯಾಲ ಇದು ಕಂಡ್ತು."

"ಅರಗು ಮುಟ್ಲಿಲ್ಲ."

"ಬಾಯಿಗೆ ಅರಗು ಹಾಕ್ಯಾರ, ತಳಕ್ಕ ಏನೂ ಹಾಕಿಲ್ಲ. ಹೊಲ್ಯಾಕ ಬರೋರಿಗೆ ಅದೇನು ದೊಡ್ಡದು? ಬಿಚ್ಚಿ ಬ್ಯಾಳಿ ತಗೊಂಡೆ. ಸಂಜಿಗೆ ಅವರು ಬಂದು ಕೈ ಮುಗೀತಾರಲ್ಲ, ಚೀಲ ಖಾಲಿ ಕಂಡ್ರ ಹ್ಯಾಂಗ ಅಂತ, ಅಂಗಡಿ ತೆರೆದ ಮ್ಯಾಲ ಪಾಕೀಟಿನ ಬ್ಯಾಳಿ ತರಿಸಿ ತುಂಬಿ ಹೊಲಿದಿಟ್ಟೆ. ಒಂದೆರಡು ದಿನದಾಗ ಗೋದಾಮಿನ ಬ್ಯಾಳಿ ಹಾಕಿದ್ರಾತು ಅಂದ್ಕೊಂಡೆ. ಮರೀತು. ಈ ತಕರಾರು ಬಂದಮ್ಯಾಲ ನೆನಪಾತು ನೋಡ್ರಿ. ಇವರು ಗೋದಾಮಿಗೆ ಡಿಪೋದವ್ರ ಬೀಗ ಬಿದ್ದದ ಅಂದ್ರು. ಅವರಿಗೆ ಹೇಳೂ ಧೈರ್ಯ ಇಲ್ಲ, ಅದ್ಕ ನಿಮಗ ಫೋನ್ ಮಾಡ್ದೆ. ನಿಮಗೂ ಹೇಳಾಕಾಗ್ಲಿಲ್ಲ."

ಕೃಷ್ಣಮ್ಮನ ಕೈ ಬೆನ್ನ ಮೇಲೆ ನಿಂತುಬಿಟ್ಟಿತ್ತು.

"ಪದ್ಮಾ, ಅಂಗಾರೆ ಸಾಕ್ಷಿ ತಿಂದೋಳು ನಾನೇ."

"ನೀವೊಬ್ಬರೇ ಅಲ್ಲ ಅತ್ತೆ."

"ಎರಡು ಸಲ ಆಕಿಸ್ಕೊಂಡೆ ಕಣಮ್ಮಿ."

ಅಳುತ್ತಿದ್ದ ಚನ್ನಕ್ಕನಿಗೂ ನಗು ಬಂತು. ನಗುತ್ತಲೇ ಮತ್ತೆ ಅತ್ತರು. ಪದ್ಮಶ್ರೀಗೆ ಇಬ್ಬರನ್ನೂ ಒಟ್ಟಿಗೇ ತಬ್ಬಿಕೊಳ್ಳಬೇಕೆನಿಸಿತು. ಬೀಗರ ಮುಂದೆ ಮಗಳ ಮಾನ ಉಳಿಸಲು ಹೋಗಿ ಗಂಡನ ಮಾನವನ್ನು ಕುದಿಯುವ ನೀರಿಗೆ ಹಾಕಿದ್ದರು ಈ ತಾಯಿ. ಯಾರನ್ನು ಬಯ್ಯುವುದು?

ಕೃಷ್ಣಮ್ಮ ಚೀಲವನ್ನು ಎತ್ತಿಕೊಂಡರು. ಹೆಬ್ಬೆರಳು ತಾನಾಗಿಯೇ ತಳದ ಮೂಲೆಗೆ ಹೋಯಿತು.

"ಇದ್ರಾಗೂ ಐತೆ, ಕಾಳು."

"ಅದು ಜ್ವಾಳ," ಎಂದರು ಚನ್ನಕ್ಕ, ಮೂಗು ಒರೆಸಿಕೊಳ್ಳುತ್ತ. "ಖಾಲಿ ಮೂಲಿ ಹೊಲಿಬಾರ್ದು ಅಕ್ಕಾರ. ಕೌದಿ ಹೊಲಿಯುವಾಗ ಕಡೀ ಮೂಲ್ಯಾಗ ನಾಕು ಕಾಳು ಜ್ವಾಳ ಇಟ್ಟು ಮುಚ್ಚತೀವಿ. ಉಡಿ ತುಂಬಿದಂಗ. ಹಸಿದ ಕೌದಿ ಹೊದ್ರ ನಿದ್ದಿ ಹತ್ತಂಗಿಲ್ಲ ಅಂತಿದ್ಳು ನಮ್ಮವ್ವ. ಕೈಗೆ ರೂಢಿ ಆಗಿಬಿಟ್ಟದ. ಚೀಲ ಹೊಲಿಯುವಾಗೂ ತಾನೇ ಹೋಗ್ತದ ಕೈ."

ಪದ್ಮಶ್ರೀ ಅತ್ತೆಯ ಮುಖ ನೋಡಿದಳು. ಅತ್ತೆ ಸೊಸೆಯ ಮುಖ ನೋಡಿದರು. ಡಿಪೋದ ಚೀಲವನ್ನು ಹೊಲಿದ ಕೈಗೂ ಇದೇ ರೂಢಿಯಿತ್ತು. ಕಳ್ಳತನದ ಗಾಬರಿಯಲ್ಲೂ ಆ ಕೈಗೆ ಖಾಲಿ ಮೂಲೆ ಮುಚ್ಚಲು ಮನಸ್ಸು ಬಂದಿರಲಿಲ್ಲ.

"ಡಿಪೋ ಚೀಲದಾಗೆ ಇದ್ದಿದ್ದು ರಾಗಿ," ಎಂದರು ಕೃಷ್ಣಮ್ಮ ಮೆಲ್ಲಗೆ.

"ರಾಗಿ ಯಾರಿಡ್ತಾರ್ರಿ? ನಮ್ಮ ಮನ್ಯಾಗ ರಾಗಿ ತರೂದೇ ಇಲ್ಲ."

"ಈ ಪದ್ಧತಿ ನೀವು ಯಾರಿಗೆ ಹೇಳಿಕೊಟ್ಟಿದೀರ ಚನ್ನಕ್ಕನವರೇ?"

"ಯಾರಿಗಂತ ಹೇಳಿಕೊಡ್ಲಿ ತಾಯಿ? ಈ ಊರಾಗ ಕೌದಿ ಯಾರಿಗೆ ಬೇಕು? ಇದ್ದಾಕಿ ಒಬ್ಬಾಕಿ ಮಗಳು. ಆವತ್ತೂ ಬಾಜೂಕ ಕುಂತು ಸೂಜಿಗೆ ದಾರ ಪೋಣಿಸಿ ಕೊಟ್ಳು..."

ಮಾತು ಅಲ್ಲಿಗೇ ನಿಂತಿತು. ಚನ್ನಕ್ಕ ಕೃಷ್ಣಮ್ಮನ ಕಡೆ ನೋಡಿದರು. ರಾಜಾನುಕುಂಟೆಯ ಆ ಮನೆಯಲ್ಲಿ ಜೋಳ ಯಾರೂ ತಿನ್ನುವುದಿಲ್ಲ. ಅಲ್ಲಿ ಡಬ್ಬಿಗೆ ಕೈ ಹಾಕಿದರೆ ರಾಗಿಯೇ ಸಿಗುವುದು. ಮೂರು ತಲೆಮಾರಿನಿಂದ ಹಾಗೇ. ಕೃಷ್ಣಮ್ಮ ಹುಟ್ಟಿ ಬೆಳೆದದ್ದು ಅದೇ ರಾಗಿಯ ಮೇಲೆ.

"ನಮ್ಮಪ್ಪನ ಹೊಲದ ರಾಗಿ," ಎಂದರು ಕೃಷ್ಣಮ್ಮ. ಅವರ ದನಿಯಲ್ಲಿ ಯಾವತ್ತಿನ ತಮಾಷೆ ಇರಲಿಲ್ಲ.

ಪದ್ಮಶ್ರೀಗೆ ಬೆಳಗಿನದೆಲ್ಲ ಒಂದೊಂದಾಗಿ ನೆನಪಾಯಿತು. ಹೊಸ್ತಿಲು ದಾಟದ ಕಾಲು. ಊಟದ ಮೇಜಿನ ಮೇಲಿನ ಕೀಲಿ. ನೋಟಿಸ್ ಬೋರ್ಡಿನ ಸುತ್ತೋಲೆ. ಎರಡು ಚೀಲ ಪಕ್ಕಪಕ್ಕ ಇಟ್ಟರೆ ಅವ್ವ ಸಿಕ್ಕಿಬೀಳುತ್ತಾಳೆಂದು ಹೆದರಿ ಡಿಪೋದ ಚೀಲವನ್ನು ಮನೆಯ ಚೀಲಕ್ಕೆ ಹೊಂದಿಸಿದಳೇ ಹುಡುಗಿ? ಅಥವಾ ಗುತ್ತಿಗೆ ಹೋದರೆ ಅಪ್ಪ ಉಳಿಯುತ್ತಾನೆಂದು ಬೇಕೆಂದೇ ಮಾಡಿದಳೇ? ಎರಡೂ ಪ್ರೀತಿಯೇ. ಎರಡರಲ್ಲಿ ಯಾವುದೇ ಆಗಿದ್ದರೂ ಶಿವಶರಣಪ್ಪನವರ ಹೆಸರು ನಾಳೆ ಹೋಗುತ್ತದೆ. ಹೆಸರು ಉಳಿಸಬೇಕೆಂದರೆ ಮಗಳ ಹೆಸರು ಹೇಳಬೇಕು. ಹೇಳದಿದ್ದರೆ ಸೇಫ್ಟಿ ಪಿನ್ನಿನ ಆ ಪಾಪದ ಇನ್ಸ್‌ಪೆಕ್ಟರ್ ಹೊರಬೇಕು.

"ಯವ್ವಾ ಪದ್ಮಾ," ಎಂದರು ಚನ್ನಕ್ಕ. ಕಣ್ಣೀರು ಆರಿತ್ತು. "ನಾ ಒಪ್ಪಿಸಿದ ಕೇಸು ನಾನೇ ವಾಪಸ್ ತಗೋತೀನಿ. ಬಿಟ್ಟುಬಿಡು."

"ಶರಣಪ್ಪನವರು ಲಾರಿ ಹತ್ರ ಕೂತಿದ್ದಾರೆ. ನಾಳೆ ಜೋಡಿ ಚೀಲ ಬಿಚ್ಚಿ ತೋರಿಸ್ತೀನಿ ಅಂದ್ರು, ನಗ್ತಾ."

ಚನ್ನಕ್ಕ ತಲೆ ತಗ್ಗಿಸಿದರು. ಒಂದು ಕಡೆ ಗಂಡ, ಇನ್ನೊಂದು ಕಡೆ ಮಗಳು. ನಡುವೆ ಬಟ್ಟೆಯ ಚೀಲ.

ಹೊರಗೆ ಗೇಟು ಕಿರ್ ಎಂದಿತು. ಅವಸರದ ಹೆಜ್ಜೆಗಳು ಪಡಸಾಲೆ ದಾಟಿದವು. ಕಂಕುಳಲ್ಲಿ ಬೆಳಿಗ್ಗೆ ಕಂಡ ಅದೇ ಸ್ಟೀಲ್ ಡಬ್ಬಿ, ಅದರೊಳಗೆ ಒಣ ಬೇಳೆಯ ಗಲಗಲ ಸದ್ದು. ದೇವರ ಕೋಣೆಯೊಳಗೆ ಯಾರಿದ್ದಾರೆಂದು ನೋಡುವ ಮೊದಲೇ ಸ್ಮಿತಾಳ ದನಿ ಕೇಳಿಸಿತು.

"ಅವ್ವಾ, ಪಾಲಿಶ್ ಇಲ್ಲದ ಬ್ಯಾಳಿ ತಂದೀನಿ. ಅಪ್ಪ ಬರೂದ್ರಾಗ ಸೂಜಿ ದಾರ ಕೊಡು."

ಚನ್ನಕ್ಕ ಪದ್ಮಶ್ರೀಯ ಎರಡೂ ಕೈ ಹಿಡಿದುಕೊಂಡರು.